ಅಪ್ಪನ ಬಾಗಿಲು-ಕಿಟಕಿ ವರ್ಕ್‌ಶಾಪ್ ಬೆಳೆಸೋಕೆ ಮೊದಲು ದೊಡ್ಡ ಮೆಷಿನ್ ತರಬೇಕಾ?

ತೀರ್ಥಹಳ್ಳಿಯ ವರ್ಕ್‌ಶಾಪ್ ಅಪ್ಪನಿಂದ ನಿಮ್ಮ ಕೈಗೆ ಬಂದಿದೆ, ಸಾಲ ಮಾಡಿ ಮೆಷಿನ್ ಹಾಕಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಎಲ್ಲರಿಗೂ ಹೊಂದುವ ಕೆಲವು ಅಳತೆ ನಿಗದಿ ಮಾಡಿಕೊಳ್ಳಿ. ಸಾಗರದಲ್ಲಿ ನಮ್ಮ ಮನೆಯವರದ್ದೂ ಇದೇ ಕೆಲಸ, ಅದಕ್ಕೇ ಇಷ್ಟು ಖಡಾಖಂಡಿತ ಹೇಳುತ್ತಿದ್ದೇನೆ.

ಕಿಟಕಿ-ಬಾಗಿಲು ಮಾಡುವ ಅಮೆರಿಕದ ಆಂಡರ್ಸನ್ ಕಂಪನಿ ಹೇಗೆ ಬೆಳೆಯಿತು ನೋಡಿ. ಡೆನ್ಮಾರ್ಕ್‌ನಿಂದ ವಲಸೆ ಹೋಗಿದ್ದ ಹ್ಯಾನ್ಸ್ ಆಂಡರ್ಸನ್ 1903ರಲ್ಲಿ ವಿಸ್ಕಾನ್ಸಿನ್‌ನ ಹಡ್ಸನ್‌ನಲ್ಲಿ ಮಕ್ಕಳ ಜೊತೆ ಶುರು ಮಾಡಿದ್ದು. ಮೊದಲಿಗೆ ಪೂರ್ತಿ ಕಿಟಕಿ ಅಲ್ಲ, ಬರೀ ಚೌಕಟ್ಟು, ಅದೂ ಮೊದಲೇ ನಿಗದಿ ಮಾಡಿದ ಅಳತೆಗಳಲ್ಲಿ. 1905ರಲ್ಲಿ ಚೌಕಟ್ಟನ್ನು ಬಿಡಿಬಿಡಿಯಾಗಿ ಮಾರತೊಡಗಿದರು: ಅಡ್ಡ ಪಟ್ಟಿಗಳದ್ದೊಂದು ಕಟ್ಟು, ಉದ್ದ ಪಟ್ಟಿಗಳದ್ದೊಂದು ಕಟ್ಟು. ಎರಡರಿಂದಲೂ ಬೇಕಾದ್ದು ತೆಗೆದು ಜೋಡಿಸಿದರೆ ಗಿರಾಕಿ ಕೇಳಿದ ಅಳತೆ ರೆಡಿ. ಸ್ವಲ್ಪ ಸರಕಿನಲ್ಲೇ ಹತ್ತಾರು ಅಳತೆ ಸಿಗುತ್ತೆ, ಸಾಗಿಸೋದೂ ಸುಲಭ, ಅಲ್ವಾ? ನದಿ ದಾಟಿ ಮಿನ್ನೆಸೋಟಾದಲ್ಲಿ, ಈಗಿನ ಬೇಪೋರ್ಟ್‌ನಲ್ಲಿ, ದೊಡ್ಡ ಕಾರ್ಖಾನೆ ಹಾಕಿದ್ದು 1913ರಲ್ಲಿ. ಅಳತೆ ಮೊದಲು, ಕಾರ್ಖಾನೆ ಆಮೇಲೆ.

ನಮ್ಮಲ್ಲಿ ಒಂದೇ ಮನೆಯ ನಾಲ್ಕು ಕಿಟಕಿಗೆ ನಾಲ್ಕು ಅಳತೆ. ಮುಂಬಾಗಿಲಿಗೆ ಆಯ ನೋಡುತ್ತಾರೆ, ಅದನ್ನು ಅವರ ಇಷ್ಟಕ್ಕೆ ಬಿಡಿ. ಉಳಿದ ಬಾಗಿಲು-ಕಿಟಕಿಗೆ ಐದಾರು ಅಳತೆ ಸಾಕು. ಹೇಗೂ ನಮ್ಮ ಕಡೆ ದಾರಂದ ನಿಲ್ಲಿಸಿಕೊಂಡೇ ಗೋಡೆ ಏರಿಸುತ್ತಾರಲ್ಲ, ಹಾಗಾಗಿ ಪಾಯ ಹಾಕುವಾಗಲೇ ಮೇಸ್ತ್ರಿ ಕೈಗೆ ನಿಮ್ಮ ಅಳತೆ ಪಟ್ಟಿ ಕೊಟ್ಟುಬಿಡಿ.

ದುಡ್ಡು ಹಾಕಲೇಬೇಕು ಅಂದರೆ ಮರ ಒಣಗಿಸೋಕೆ ಹಾಕಿ. ಮಲೆನಾಡಿನ ಮಳೆಗೆ ಹಸಿ ಮರದ ಬಾಗಿಲು ತಡೆಯಲ್ಲ. ಮರ ಉದ್ದಕ್ಕೆ ಹಿಗ್ಗೋದು ತೀರಾ ಕಡಿಮೆ, ಅಗಲಕ್ಕೆ ಜಾಸ್ತಿ. ಜುಲೈಯಲ್ಲಿ ಕದ ಕಚ್ಚಿಕೊಳ್ಳುತ್ತೆ, ಮನೆಯವರು ಯಾರನ್ನೋ ಕರೆಸಿ ಹತ್ತರಿ ಹೊಡೆಸುತ್ತಾರೆ, ಅದೇ ಕದ ಮಾರ್ಚ್‌ನಲ್ಲಿ ಕುಗ್ಗಿ ಸಂದಿ ಬಿಡುತ್ತೆ, ಬೈಗುಳ ಮಾತ್ರ ನಿಮಗೆ. ಒಮ್ಮೆ ಯಾವುದಾದರೂ ಕದದ ಕೆಳ ಅಂಚಿಗೆ ಕೈ ಆಡಿಸಿ ನೋಡಿ, ಸುಮಾರು ಕಡೆ ಬಣ್ಣವೇ ಇರಲ್ಲ. ಕಣ್ಣಿಗೆ ಬೀಳಲ್ಲ ಅಂತ ಬಿಟ್ಟಿರುತ್ತಾರೆ, ನೀರು ಹೀರೋದು ಅಲ್ಲಿಂದಲೇ. ಕದ ಕೂರಿಸುವ ಮೊದಲೇ ಮೇಲಂಚು, ಕೆಳಂಚು ಎರಡಕ್ಕೂ ಬಣ್ಣ ಹೊಡೆಸಿ. ಖರ್ಚು ಏನೂ ಇಲ್ಲ, ಹೆಸರು ಉಳಿಯುತ್ತೆ.

ಇನ್ನೊಂದು ವಿಷಯ. ಆಂಡರ್ಸನ್ 1914ರಲ್ಲೇ ಕೆಲಸಗಾರರಿಗೆ ಲಾಭದಲ್ಲಿ ಪಾಲು ಕೊಡೋಕೆ ಶುರು ಮಾಡಿತು. ಅದೇ ವರ್ಷ ಹ್ಯಾನ್ಸ್ ತೀರಿಕೊಂಡರು, ಆದರೆ ಪಾಲು ನಿಲ್ಲಲಿಲ್ಲ. ನಮ್ಮ ಹುಡುಗರು ಕೆಲಸ ಕಲಿತ ತಕ್ಷಣ ಬೆಂಗಳೂರಿನ ಬಸ್ ಹತ್ತುತ್ತಾರೆ, ಅವರನ್ನು ದೂರಿ ಪ್ರಯೋಜನವಿಲ್ಲ. ಮೆಷಿನ್‌ಗೆ ಕಟ್ಟಬೇಕು ಅಂದುಕೊಂಡಿರೋ ಕಂತಿನಲ್ಲಿ ಅರ್ಧವನ್ನು ಈ ದೀಪಾವಳಿಗೆ ನಿಮ್ಮ ಹಳೇ ಬಡಗಿಗಳಿಗೆ ಕೊಡಿ. ಅಳತೆ ಖಾಯಂ ಆಗಿ, ಒಂದೇ ತರದ ಆರ್ಡರ್ ಮತ್ತೆ ಮತ್ತೆ ಬರೋಕೆ ಶುರುವಾದ ಮೇಲೆ ಯಾವ ಮೆಷಿನ್ ಬೇಕು ಅಂತ ಅವರೇ ಹೇಳುತ್ತಾರೆ.