ಪ್ರ: ಕಣ್ಣಳತೆಯ ಅಲೆಯೋ, ತೇಲುಮಾಪಕದ ಅಲೆಯೋ?

ಹವಾಯಿಯ ಒವಾಹು ದ್ವೀಪದ ಉತ್ತರ ತೀರದಲ್ಲಿ 1968ರಿಂದ ಕಣ್ಣಳತೆಯಲ್ಲಿ ಬರೆದಿಟ್ಟ ಅಲೆಯ ಎತ್ತರ, ಅಲ್ಲಿನ ವೈಮಿಯಾ ಕೊಲ್ಲಿಯಾಚೆ ಕಡಲಲ್ಲಿ ತೇಲುತ್ತಾ ಅಲೆ ಅಳೆಯೋ ಉಪಕರಣಕ್ಕೆ, ಅಂದರೆ ತೇಲುಮಾಪಕಕ್ಕೆ, ತಾಳೆಯಾಗುತ್ತಿಲ್ಲ ಅಂದಿದ್ದೀರಿ. ಆಗಲೂಬಾರದು! ಮಾಪಕ ಇರೋದು ಆಳ ನೀರಿನಲ್ಲಿ. ಅದು ಕೊಡೋದು ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಕಣ್ಣಿಗೆ ಕಾಣೋದು ದಡದ ಹತ್ತಿರ ಒಡೆಯೋ ಅಲೆ. ಆಳ ನೀರಿನಲ್ಲಿ 2 ಮೀಟರ್ ಎತ್ತರ ಇದ್ದ ಅಲೆಯ ಅವಧಿ (ಒಂದರ ಹಿಂದೊಂದು ಬರೋ ಎರಡು ಅಲೆಗಳ ನಡುವಿನ ಸಮಯ) 8 ಸೆಕೆಂಡ್ ಆದರೆ, ನೇರ ಮರಳುದಡದಲ್ಲಿ ಒಡೆಯುವಾಗ ಸುಮಾರು 2.5 ಮೀಟರ್; 18 ಸೆಕೆಂಡ್ ಆದರೆ ಸುಮಾರು 3.4. ತಳದ ಬಂಡೆ ಅಲೆಯನ್ನು ಒಂದೆಡೆ ಕೂಡಿಸಿದರೆ ಇನ್ನೂ ಜಾಸ್ತಿ. ಹಾಗಾಗಿ ಅವಧಿ ನೋಡದೆ ಹೋಲಿಸಬೇಡಿ.

ಇನ್ನೊಂದು ತೊಡಕು: ಅಲ್ಲಿನವರ ‘ಹವಾಯಿ ಅಳತೆ’. ಅಲೆಯ ಮುಖ, ಅಂದರೆ ದಡದ ಕಡೆಗಿನ ಮುಂಬದಿ, 20 ಅಡಿ ಎತ್ತರ ಇದ್ದರೂ ‘ಹತ್ತು’ ಅಂತಾರೆ, ಹೆಚ್ಚುಕಡಿಮೆ ಅರ್ಧ. (ಬಿಗುಮಾನ ಅನ್ನಿ!) ಆ ದಾಖಲೆ ಇರೋದೂ ಇದೇ ಅಳತೆಯಲ್ಲಿ. ದುಪ್ಪಟ್ಟು ಮಾಡಿಕೊಂಡೇ ಹೋಲಿಸಿ.

ಕತ್ತಲು, ಮಂಜು, ದೂರದ ಬಂಡೆಯ ಮೇಲೆ ಒಡೆಯೋ ದೈತ್ಯ ಅಲೆ, ಇಲ್ಲೆಲ್ಲ ಕಣ್ಣು ತಪ್ಪುತ್ತೆ. ಒಂದೇ ದಿನದ ಅಂಕಿಗೆ ನಾನು ಮಾಪಕವನ್ನೇ ನಂಬ್ತೀನಿ. ದಶಕಗಳ ಏರಿಳಿತಕ್ಕಾದರೆ ಹಳೇ ಕಣ್ಣಳತೆಯನ್ನು ಖಂಡಿತ ಬಿಸಾಡಲ್ಲ.