ಮುರಕಲ್ಲಿನ ಪದವಿನ ಮೇಲೊಂದು ಪಾಠ

ಪ್ರಶ್ನೆ: ಪದವಿ ತರಗತಿಗೆ ಜೀವಶಾಸ್ತ್ರದ ಜೊತೆಗೆ ಪರಿಸರ ವಿಜ್ಞಾನವನ್ನೂ ಕಲಿಸುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆಯೇ ಹೊರತು ಅರ್ಥಮಾಡಿಕೊಳ್ಳುವುದಿಲ್ಲ. ಏನು ಮಾಡಲಿ?
– ಅಧ್ಯಾಪಕಿ, ಕಾಸರಗೋಡು

ಉತ್ತರ: ಮಳೆಗಾಲ ಮುಗಿಯುತ್ತಿರುವಾಗ ಅವರನ್ನು ಸಮೀಪದ ಮುರಕಲ್ಲಿನ ಪದವಿನ (ಜಂಬಿಟ್ಟಿಗೆ ಕಲ್ಲಿನ ಸಮತಟ್ಟು ಗುಡ್ಡದ) ಮೇಲಕ್ಕೆ ಕರೆದೊಯ್ಯಿರಿ. ಅಲ್ಲಿ ಡ್ರೊಸೆರಾ ಗಿಡದ ಎಲೆಗೂದಲಿನ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟುಹನಿಗೆ ಸಿಕ್ಕಿಬಿದ್ದ ನುಸಿಯನ್ನು ಭೂತಗನ್ನಡಿಯಲ್ಲಿ ಕಂಡ ವಿದ್ಯಾರ್ಥಿಗೆ, ಸಾರಜನಕ ವಿರಳವಾದ ತೆಳುಮಣ್ಣಿನಲ್ಲಿ ಗಿಡವೊಂದು ಕೀಟವನ್ನೇಕೆ ಹಿಡಿಯುತ್ತದೆಂಬುದನ್ನು ನೀವು ಎರಡನೆಯ ಸಲ ಹೇಳಬೇಕಾಗುವುದಿಲ್ಲ. ಪಾರಿಭಾಷಿಕ ಪದ ಆಮೇಲೆ ಬರಲಿ. ಕೀಟನಾಶಕದ ಪಾಠಕ್ಕೆ, ನಿಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನಿಗಿಂತ ಹತ್ತಿರದ ಉದಾಹರಣೆಯಿಲ್ಲ. ಆದರೆ ಆ ವಿಷದಿಂದ ಆರೋಗ್ಯ ಕೆಟ್ಟ ಸಂತ್ರಸ್ತರ ಮನೆಯ ಮಕ್ಕಳು ನಿಮ್ಮೆದುರಿಗೇ ಕುಳಿತಿರಬಹುದು, ಆದ್ದರಿಂದ ಆ ದಿನ ದಯವಿಟ್ಟು ಮೆಲ್ಲನೆ ಮಾತಾಡಿ.