ಗಾಂಧಿ ಕಾನೂನು ಮುರಿದರೆ ಸರಿ, ಹುಡುಗ ಮುರಿದರೆ ತಪ್ಪಾ?

ಪ್ರಶ್ನೆ: ನಾನು ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಉಪ್ಪಿನ ಸತ್ಯಾಗ್ರಹದ ಪಾಠದಲ್ಲಿ ಒಬ್ಬ ಹುಡುಗ, "ಗಾಂಧಿ ಕಾನೂನು ಮುರಿದರೆ ಸರಿ, ನಾನು ಲೈಸೆನ್ಸ್ ಇಲ್ಲದೆ ಬೈಕ್ ಓಡಿಸಿದರೆ ತಪ್ಪಾ?" ಎಂದು ಕೇಳಿದ. ಗದರಿಸಿ ಕೂರಿಸಿದೆ. ಕನ್ನಡದ ಸರ್ ಈಗ 'ಚೋಮನ ದುಡಿ' ಓದಿಸುತ್ತಿದ್ದಾರೆ. ಎರಡನ್ನೂ ಜೋಡಿಸುವುದು ಹೇಗೆ?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಜೊತೆಗೆ "ಗದರಿಸಿ ಕೂರಿಸಿದೆ" ಎಂಬುದೂ ಬರುತ್ತದೆ. ಅದಕ್ಕೇ ನನಗೆ ಸಿಟ್ಟು. ಪಾಠದ ಬಗ್ಗೆ ನಿಜವಾಗಿ ಯೋಚಿಸಿದ ಹುಡುಗ ಅವನು.

ಪೊಲೀಸರನ್ನು ಕಂಡರೆ ಬೈಕ್ ತಿರುಗಿಸುತ್ತೀಯಾ ಎಂದು ಅವನನ್ನೇ ಕೇಳಿ. ಗಾಂಧಿ 1930ರ ಮಾರ್ಚ್ 2ರಂದೇ ವೈಸರಾಯ್ ಇರ್ವಿನ್‌ಗೆ ಕಾಗದ ಬರೆದು, ಉಪ್ಪಿನ ಕಾನೂನು ಮುರಿಯುತ್ತೇನೆ ಎಂದು ಮೊದಲೇ ತಿಳಿಸಿ, 12ಕ್ಕೆ ಹೊರಟು, ಏಪ್ರಿಲ್ 6ಕ್ಕೆ ದಂಡಿಯಲ್ಲಿ ಎಲ್ಲರೆದುರು ಉಪ್ಪು ಎತ್ತಿದರು. ಮಂಗಳೂರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮುಂಬೈಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದರು. ಕದ್ದು ಮುರಿಯುವುದು ಬೇರೆ, ಹೇಳಿ ಮುರಿದು ಶಿಕ್ಷೆಗೆ ನಿಲ್ಲುವುದು ಬೇರೆ.

ಇಲ್ಲಿಗೇ ಬಿಟ್ಟರೆ ಮಕ್ಕಳು 'ಕಾನೂನು ಕೆಟ್ಟದ್ದು, ಮನಸ್ಸಾಕ್ಷಿ ಒಳ್ಳೆಯದು' ಎಂದು ಬರೆದುಕೊಂಡು ಹೋಗುತ್ತಾರೆ. ಈಗ ಚೋಮನನ್ನು ತನ್ನಿ. ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ, ಕತೆ ನಮ್ಮ ಸೀಮೆಯದೇ. ಚೋಮ ಧಣಿಯ ಕೈಕೆಳಗೆ ದುಡಿಯುವ ದಲಿತ ಆಳು. ಅವನ ಹತ್ತಿರ ಎತ್ತುಗಳಿವೆ, ಬೇಕಾದದ್ದು ಒಂದು ತುಂಡು ಗದ್ದೆ. ಅವನನ್ನು ತಡೆದದ್ದು ಯಾವ ಕಾನೂನು? ಮಕ್ಕಳು ಪುಟ ತಿರುವಿ ಹುಡುಕಲಿ. ಸಿಗುವುದಿಲ್ಲ. ಧಣಿಯ ಮನಸ್ಸು ಸ್ವಲ್ಪ ಕರಗುತ್ತದೆ, ಧಣಿಯ ತಾಯಿ ಬೇಡ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಪೊಲೀಸರಿಲ್ಲ, ಕೋರ್ಟಿಲ್ಲ, ಆದರೂ ಚೋಮನ ಜಾತಿಯವರು ಸ್ವಂತ ಬೇಸಾಯ ಮಾಡಬಾರದು ಎಂಬ ಕಟ್ಟಳೆಯನ್ನು ಊರಿಗೆ ಊರೇ ಪಾಲಿಸುತ್ತದೆ. ಆ ತಾಯಿಗೂ ಮನಸ್ಸಾಕ್ಷಿ ಇದೆ, ಅಲ್ವಾ? ತಾನು ಮಾಡುತ್ತಿರುವುದೇ ಸರಿ ಎಂದು ಅದು ಹೇಳುತ್ತಿದೆ. ಇದನ್ನು ನೀವು ಹೇಳಬೇಡಿ, ಮಕ್ಕಳ ಬಾಯಿಂದಲೇ ಬರಲಿ, ಒಂದು ಪೀರಿಯಡ್ ಪೂರ್ತಿ ಹೋದರೂ ಚಿಂತೆಯಿಲ್ಲ.

ಆಮೇಲೆ ಮತ್ತೆ ಇತಿಹಾಸ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಇಲ್ಲಿ ಕಾನೂನು ಮುಂದೆ, ಊರಿನ ಮನಸ್ಸು ಹಿಂದೆ. 1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಗೇಣಿದಾರರಿಗೆ ಭೂಮಿ ಸಿಕ್ಕಿತು. ಆದರೆ ಚೋಮನಂಥವರನ್ನು ಗೇಣಿ ಮಾಡಲಿಕ್ಕೇ ಬಿಟ್ಟಿರಲಿಲ್ಲವಲ್ಲ, ಅವರಿಗೆ ಏನು ಸಿಕ್ಕಿತು? ಈ ಪ್ರಶ್ನೆ ಕೇಳದೆ ಪಾಠ ಮುಗಿಸಬೇಡಿ. ಮಂಗಳೂರಿನ ಮಕ್ಕಳಾದರೆ ಪುರಭವನಕ್ಕೆ ಯಾರ ಹೆಸರಿದೆ ಎಂದೂ ಕೇಳಿ. ವಕೀಲರಾಗಿದ್ದ ಕುದ್ಮುಲ್ ರಂಗರಾವ್ 1897ರಲ್ಲೇ ದಲಿತರಿಗಾಗಿ ಸಂಸ್ಥೆ ಕಟ್ಟಿದರು, ಮಕ್ಕಳಿಗೆ ಶಾಲೆ ನಡೆಸಿದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು.

ಒಂದು ಎಚ್ಚರಿಕೆ. ಮಕ್ಕಳಿಂದ ಚೋಮ, ಧಣಿಯ ಪಾತ್ರ ಮಾಡಿಸಬೇಡಿ. ಯಾರ ಮನೆಯವರು ಯಾವ ಜಾತಿ ಎಂಬ ಕಡೆಗೆ ಮಾತು ತಿರುಗುತ್ತದೆ, ನೋವಾಗುವುದು ಹಿಂದಿನ ಬೆಂಚಿನ ಒಂದಿಬ್ಬರಿಗೆ, ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

ಪ್ರಶ್ನೆ: ಇದಕ್ಕೆ ಯಾವ ಗೈಡ್ ಒಳ್ಳೆಯದು?
ಉತ್ತರ: ಯಾವುದೂ ಬೇಡ. 'ಈ ಪಾಠದ ನೀತಿ' ಎಂದು ಒಂದೇ ಸಾಲು ಕೊಟ್ಟು ಮಕ್ಕಳ ಯೋಚನೆ ನಿಲ್ಲಿಸುವುದೇ ಅವುಗಳ ಕೆಲಸ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ ಗಾಂಧಿಯ ಮಾತನ್ನು ಬೋರ್ಡಿನಲ್ಲಿ ಬರೆಯಬಹುದಾ?
ಉತ್ತರ: ಎಲ್ಲಿ, ಯಾವಾಗ ಹೇಳಿದ್ದು ಎಂದು ತೋರಿಸಲು ಆಗದಿದ್ದರೆ ಬೇಡ.

ಪ್ರಶ್ನೆ: ಪುಸ್ತಕದ ಬದಲು ಸಿನಿಮಾ ತೋರಿಸಿದರೆ ಸಾಕಾ?
ಉತ್ತರ: ಸಾಲದು. ಓದಿದ ಮೇಲೆ ತೋರಿಸಿ.